ದಾಟಿದವರು ಸೊನ್ನೆ

ಜಿಪ್ಪಕ್ಕನ ಮನೆಯ ಹೊಸ್ತಿಲಿನಿಂದ ಅವಳ ಅಂಗಡಿಯ ಬಾಗಿಲಿಗೆ ಮೂವತ್ತೆಂಟು ಹೆಜ್ಜೆ. ಅದೂ ಅವಳ ಮಾವ ಅಳೆದ ಲೆಕ್ಕ. ಮಾವ ಗಿಡ್ಡ ಆಸಾಮಿ, ಹೆಜ್ಜೆಯೂ ಚಿಕ್ಕದು, ಆದ್ದರಿಂದ ನಿಜವಾದ ದೂರ ಇನ್ನೂ ಕಡಿಮೆಯೇ ಇರಬೇಕು. ಈ ಮೂವತ್ತೆಂಟು ಹೆಜ್ಜೆಯನ್ನು ದಾಟಲಾಗದೆ ಅವಳು ಮಹಡಿಯ ಕೋಣೆಯ ಕಿಟಕಿಯಲ್ಲಿ ಕೂತು ತನ್ನದೇ ಅಂಗಡಿಯ ಬೀಗವನ್ನು ನೋಡುವ ಸ್ಥಿತಿಗೆ ಬಂದದ್ದು ಹೇಗೆ ಎಂಬುದೇ ಅವಳ ಕತೆ.

ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮಾವ ಚೀಲ, ಸೂಟ್‌ಕೇಸು ರಿಪೇರಿ ಮಾಡುತ್ತಿದ್ದರು. ಮಗನಿಗೆ ಆ ಕೆಲಸ ಒಗ್ಗಲಿಲ್ಲ. ಸೊಸೆಯ ಬೆರಳು ನೋಡಿದವರೇ ಇಕ್ಕಳ ಕೈಗಿಟ್ಟರು. ಮೊದಲ ದಿನದ ಪಾಠ ಅವಳಿಗೆ ಇಂದಿಗೂ ಬಾಯಿಪಾಠ: "ಜಿಪ್ ಕೆಟ್ಟಿದೆ ಅಂತ ತರ್ತಾರೆ. ಜಿಪ್ ಕೆಟ್ಟಿರಲ್ಲ ಮಗಳೇ, ಮೇಲೆ ಓಡಾಡೋ ಬಿಲ್ಲೆ ಸಡಿಲ ಆಗಿರುತ್ತೆ. ಇಕ್ಕಳದಲ್ಲಿ ಎರಡೂ ಕಡೆ ಒಂಚೂರು ಅಮುಕಿದ್ರೆ ಮುಗೀತು. ಆದ್ರೆ ಗಿರಾಕಿ ಮುಂದೆ ಅಮುಕಬೇಡ. ಪರದೆ ಹಿಂದೆ ಹೋಗು, ನೀರು ಕುಡಿ, ಆಮೇಲೆ ಅಮುಕು. ಕಣ್ಣೆದುರಿಗೆ ಅರೆಗಳಿಗೆಯಲ್ಲಿ ಆದ ಕೆಲಸಕ್ಕೆ ಯಾವನೂ ಮರ್ಯಾದೆ ಕೊಡಲ್ಲ."

ಅವಳು ಪರದೆಯ ಹಿಂದೆ ಮೂವತ್ತು ವರ್ಷ ನೀರು ಕುಡಿದಳು. ಮಾವ ಹೋದರು, ಆಮೇಲೆ ಗಂಡನೂ ಹೋದ. ಅಂಗಡಿ ಉಳಿಯಿತು, ನಾದಿನಿ ಉಳಿದಳು. ನಾದಿನಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಹಬೆಯಾಡುವ ನೀರಿನಲ್ಲಿ ಹಾಸಿಗೆ ಬಟ್ಟೆ ಕುದಿಸಿ ಬಂದು, ಸಂಜೆ ಅತ್ತಿಗೆಯ ಮೇಲೆ ಕುದಿಯುತ್ತಿದ್ದಳು. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ದಿಕ್ಕಿಲ್ಲ ಎಂಬುದು ಗೊತ್ತಿದ್ದರಿಂದ ಜಗಳಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಅವರದು ಹನ್ನೊಂದು ಮನೆಗಳ ಸಾಲು. ಬೆನ್ನಿಗೆ ರೈಲಿನ ಗೋಡೆ, ಮುಂದೆ ರಸ್ತೆ. ಅಂಗಡಿ, ಶಾಲೆ, ದವಾಖಾನೆ ಎಲ್ಲವೂ ರಸ್ತೆಯ ಆಚೆ. ಅದು ಬೀದಿಯಾಗಿದ್ದ ಕಾಲದಲ್ಲಿ ಇದು ಯಾರಿಗೂ ತೊಂದರೆ ಎನಿಸಿರಲಿಲ್ಲ. ಮಾವ ಊಟಕ್ಕೆ ಮನೆಗೆ ಬಂದರೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ಗಿರಾಕಿ ಬಂದರೆ ತುತ್ತು ಬಾಯಲ್ಲಿಟ್ಟುಕೊಂಡೇ "ಬಂದೆ ಇರ್ರೀ" ಎಂದು ಕೂಗುತ್ತಿದ್ದರು. ಬೀದಿ ಅಗಲವಾಗಿ ರಸ್ತೆಯಾಯಿತು. ರಸ್ತೆಗೆ ನಡುವೆ ಕಟ್ಟೆ ಬಂತು. ನಾಲ್ಕು ವರ್ಷದ ಹಿಂದೆ, ಕೈಯಲ್ಲಿ ಊಟದ ಡಬ್ಬಿ ಹಿಡಿದು ದಾಟುತ್ತಿದ್ದ ಜಿಪ್ಪಕ್ಕನಿಗೆ ಒಂದು ಬೈಕು ಬಡಿಯಿತು. ಸೊಂಟದ ಕೀಲಿಗೆ ತಗಡು ಬಿತ್ತು, ಕೈಗೆ ಊರುಗೋಲು ಬಂತು.

ಸಾಲಿನವರೆಲ್ಲ ರೊಚ್ಚಿಗೆದ್ದರು. ರೊಚ್ಚಿಗೆ ಒಂದು ರೂಪ ಕೊಡುವವರು ಕೊನೆಮನೆಯ ಮೇಷ್ಟ್ರು. ನಿವೃತ್ತರಾಗಿ ಹತ್ತು ವರ್ಷವಾದರೂ ಅವರ ಕೈ ಇನ್ನೂ ಕೆಂಪು ಪೆನ್ನಿಗಾಗಿ ತಡಕಾಡುತ್ತಿತ್ತು. ಅವರು ನಗರಸಭೆಗೆ ಎರಡು ಪುಟದ ಅರ್ಜಿ ಬರೆದರು. ಬೇಕಾದ್ದೇನು ಎಂಬ ಕಡೆ ಸುಂದರವಾದ ಒಂದೇ ವಾಕ್ಯ: "ಈ ವಾಹನಗಳಿಂದ ನಮ್ಮನ್ನು ಶಾಶ್ವತವಾಗಿ ಬೇರ್ಪಡಿಸಿ ಕಾಪಾಡಬೇಕು." ಆಸ್ಪತ್ರೆಯ ಮಂಚದ ಮೇಲಿಂದಲೇ ಜಿಪ್ಪಕ್ಕ ಮೊದಲ ಸಹಿ ಹಾಕಿದಳು.

ನಗರಸಭೆ ಸಾಮಾನ್ಯವಾಗಿ ಯಾರ ಮಾತನ್ನೂ ಕೇಳುವುದಿಲ್ಲ. ಆ ಒಂದು ಸಲ ಅಕ್ಷರಶಃ ಕೇಳಿತು. ನಡುವಿನ ಕಟ್ಟೆಯ ಮೇಲೆ ಎದೆಮಟ್ಟದ ಕಬ್ಬಿಣದ ಬೇಲಿ ಬಂತು, ಆ ತುದಿಯಿಂದ ಈ ತುದಿಯವರೆಗೆ ಒಂದು ಕಡೆಯೂ ಬಿಡದೆ. ದಾಟಬೇಕೆಂದರೆ ಬಲಕ್ಕೆ ಅರ್ಧ ಕಿಲೋಮೀಟರ್ ನಡೆದು ಪಾದಚಾರಿ ಮೇಲ್ಸೇತುವೆ; ಹತ್ತಲು ಅರವತ್ತೆರಡು ಮೆಟ್ಟಿಲು, ಇಳಿಯಲು ಅಷ್ಟೇ. ಎಡಕ್ಕೆ ಇನ್ನೂ ದೂರದಲ್ಲಿ ನೆಲದಡಿಯ ದಾರಿ. ಅಲ್ಲಿ ಬೇಸಿಗೆಯಲ್ಲೂ ಪಾದ ಮುಳುಗುವಷ್ಟು ನೀರು, ಅದು ಎಲ್ಲಿಂದ ಬರುತ್ತದೆಂದು ಕೇಳಿದವರಿಗೆ ಉತ್ತರ ಸಿಕ್ಕಿಲ್ಲ. ಮೇಷ್ಟ್ರು ತಮ್ಮ ಅರ್ಜಿಯ ಪ್ರತಿಯನ್ನು ತೆಗೆದು ಮತ್ತೆ ಓದಿದರು. ತಪ್ಪು ಹುಡುಕಲು ಆಗಲಿಲ್ಲ, ಭಾಷೆ ಶುದ್ಧವಾಗಿತ್ತು.

ಜನ ಸುಮ್ಮನಿರುತ್ತಾರೆಯೇ? ಎರಡೇ ತಿಂಗಳಲ್ಲಿ ಜಿಪ್ಪಕ್ಕನ ಮನೆಯ ನೇರಕ್ಕೆ ಬೇಲಿಯ ಎರಡು ಸರಳು ಬಾಗಿ ಒಂದು ಕಿಂಡಿ ಆಯಿತು. ಬಾಗಿಸಿದ್ದು ಯಾರು ಎಂದರೆ ಯಾರಿಗೂ ಗೊತ್ತಿಲ್ಲ, ಸಾಲಿನಲ್ಲೇ ಇದ್ದು ಬ್ರೆಡ್ ಮಾರುವ ಬ್ರೆಡ್ ಮಾಮನ ಮನೆಯಲ್ಲಿ ಗಾಡಿ ಎತ್ತುವ ಜಾಕಿ ಇತ್ತು ಅಷ್ಟೇ. ಸಾಲಿನ ಕಾಲು ಗಟ್ಟಿ ಇದ್ದವರೆಲ್ಲ ಅದರಲ್ಲಿ ತೂರಿ ಓಡಿದರು. ಜಿಪ್ಪಕ್ಕನೂ ಬೆಳಗ್ಗೆ ಆರಕ್ಕೆ, ಗಾಡಿಗಳು ಇನ್ನೂ ಆಕಳಿಸುವ ಹೊತ್ತಿನಲ್ಲಿ, ಅಡ್ಡಡ್ಡ ತೂರಿಕೊಂಡು ಹೋಗಿ, ಮಧ್ಯಾಹ್ನ ಸಂಚಾರ ತೆಳುವಾದಾಗ ವಾಪಸು ಬರುತ್ತಿದ್ದಳು. ಹೀಗೆ ಮೂರು ವರ್ಷ ತಳ್ಳಿದಳು.

ಆಮೇಲೆ ಆ ಕಡೆಗೆ ಫ್ಲೈಓವರ್ ತೆರೆಯಿತು. ಮನೆ ಕಡೆಯ ಗಾಡಿಗಳು ಬಸ್ ನಿಲ್ದಾಣದ ಹತ್ತಿರ ಸ್ವಲ್ಪ ನಿಧಾನವಾಗುತ್ತವೆ, ಪರವಾಗಿಲ್ಲ. ಅಂಗಡಿ ಕಡೆಯವು ಮಾತ್ರ ಫ್ಲೈಓವರಿನಿಂದ ಜಾರುಬಂಡೆಯ ಹಾಗೆ ಇಳಿದು ಬರುತ್ತವೆ, ಆರಕ್ಕೂ ಅಷ್ಟೇ, ಹತ್ತಕ್ಕೂ ಅಷ್ಟೇ. ಓಡಬಲ್ಲವರು ಓಡಿದರು. ಜಿಪ್ಪಕ್ಕ ಕಿಟಕಿಯಲ್ಲಿ ಕೂತಳು. ಬಾಡಿಗೆ ಗಾಡಿ ಹಿಡಿದರೆ ಎರಡು ಮೈಲಿ ಸುತ್ತಿ ಎದುರು ಮನೆಗೆ ಹೋದ ಹಾಗೆ; ಒಂದು ಜಿಪ್ಪಿನ ಸಂಪಾದನೆ ಹೋಗಲು, ಇನ್ನೊಂದು ಬರಲು. ಭಾನುವಾರ ಮಾತ್ರ ಹೇಗೋ ದಾಟುತ್ತಿದ್ದಳು. ವಾರದ ಆರು ದಿನ ಬಾಗಿಲಿಗೆ ಬೀಗ.

ಬಾಗಿಲ ಮೇಲೆ ಫೋನ್ ನಂಬರ್ ಬರೆಸಿದಳು. ಗಿರಾಕಿ ಬರುವುದು ಕಿಟಕಿಯಿಂದ ಕಾಣುತ್ತಿತ್ತು. ಬಾಯಿ ತೆರೆದ ಚೀಲ ಹಿಡಿದು ನಿಲ್ಲುವರು, ಬೀಗ ಅಲುಗಾಡಿಸುವರು, ನಂಬರ್ ಒತ್ತುವರು.

"ಹಲೋ, ಜಿಪ್ ಅಂಗಡಿಯವರಾ? ಎಲ್ಲಿದೀರಿ?"

"ನಿಮ್ಮ ಎದುರಿಗೇ ಇದೀನಿ. ಹಿಂದೆ ತಿರುಗಿ. ಮೇಲೆ ನೋಡಿ, ಹಸಿರು ಪರದೆ."

ಗಿರಾಕಿ ತಿರುಗಿ ನೋಡುವನು. ಜಿಪ್ಪಕ್ಕ ಕೈ ಬೀಸುವಳು. ಅವನೂ ಬೀಸುವನು.

"ಮತ್ತೆ ಬನ್ನಿ ಇಲ್ಲಿಗೆ!"

"ನೀವೇ ಬನ್ನಿ ನೋಡೋಣ!" ಎಂದು ಅವಳು ಹೇಳಿದ ಮೇಲೆ ಇಬ್ಬರೂ ನಡುವಿನ ರಸ್ತೆಯನ್ನು ಸ್ವಲ್ಪ ಹೊತ್ತು ನೋಡುವರು. ಫೋನ್ ಕಟ್ಟಾಗುವುದು. ಕೈ ಬೀಸಿದ ಗಿರಾಕಿ ತಿರುಗಿ ಬಂದದ್ದು ಅವಳ ನೆನಪಿನಲ್ಲಿಲ್ಲ.

ಒಂದು ದಿನ ಅದೇ ಫೋನಿಗೆ ಅಂಗಡಿ ಕಟ್ಟಡದ ಯಜಮಾನಿ ಮಾತನಾಡಿದಳು. ಕೆಟ್ಟವಳಲ್ಲ, ಅವಳ ಪರ್ಸಿನ ಜಿಪ್ಪನ್ನು ಇಪ್ಪತ್ತು ವರ್ಷದಿಂದ ಜಿಪ್ಪಕ್ಕನೇ ನೋಡಿಕೊಳ್ಳುತ್ತಿದ್ದಳು.

"ನೋಡಮ್ಮಾ, ಸಾಲಲ್ಲಿ ಒಂದು ಬಾಗಿಲು ಹಾಕಿದ್ರೆ ಅಕ್ಕಪಕ್ಕದವರಿಗೂ ಮಂಕು ಬಡಿಯುತ್ತೆ. ಫೋನ್ ಕವರ್ ಮಾರೋನು ಒಬ್ಬ ದಿನಾ ಬಂದು ಕೇಳ್ತಾನೆ. ಮುಂದಿನ ಒಂದನೇ ತಾರೀಖಿಗೆ ಅವನಿಗೆ ಕೊಡೋದೇ."

"ಇಲ್ಲಿ ದಾಟೋಕೆ ಸಿಗ್ನಲ್ ಹಾಕ್ತಾರಂತೆ, ಮಾತು ನಡೀತಿದೆ."

"ಮಾತು ನನಗೂ ಆಡೋಕೆ ಬರುತ್ತೆ. ಹಾಕ್ತೀವಿ ಅಂತ ಒಂದು ಕಾಗದ ತೋರಿಸು, ಇನ್ನಾರು ತಿಂಗಳು ಬೇಕಾದ್ರೂ ಕಾಯ್ತೀನಿ."

ಸಿಗ್ನಲ್ಲಿನ ಮಾತು ಸುಳ್ಳಾಗಿರಲಿಲ್ಲ. ನಗರವನ್ನು ನಡೆಯುವವರಿಗೆ ಅನುಕೂಲವಾಗಿ ತಿದ್ದುವ ಹೊಸ ಯೋಜನೆಯೊಂದು ಬಂದಿತ್ತು. ಎಲ್ಲಿ ಗಂಟೆಗೆ ನಲವತ್ತು ಸಲಕ್ಕಿಂತ ಹೆಚ್ಚು ಜನ ರಸ್ತೆ ದಾಟುತ್ತಾರೋ ಅಲ್ಲಿ ಬೇಲಿ ತೆಗೆದು, ಇಳಿಜಾರು ಮಾಡಿ, ಸಿಗ್ನಲ್ ನೆಡುತ್ತಾರೆ. ಕಿಂಡಿಯ ಹತ್ತಿರ ಎಣಿಕೆಗೆ ಮಂಗಳವಾರ ಜನ ಬರುತ್ತಾರೆಂದು ಮೇಷ್ಟ್ರ ಹೆಸರಿಗೆ ಕಾಗದ ಬಂತು. ಜಿಪ್ಪಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹನ್ನೊಂದು ಮನೆ, ಐವತ್ತು ಚಿಲ್ಲರೆ ತಲೆ, ಜೊತೆಗೆ ಬಸ್ಸಿನಿಂದ ಇಳಿದು ತೂರುವವರು ಬೇರೆ. ಬೆಳಗಿನ ಹೊತ್ತು ನಲವತ್ತೇನು, ನೂರಕ್ಕೂ ಮೋಸವಿಲ್ಲ. ಅವಳು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಮಂಗಳವಾರ ಬೆಳಗ್ಗೆ ಏಳಕ್ಕೆ ಕಿಟಕಿ ತೆರೆದಳು. ಬಸ್ ನಿಲ್ದಾಣದ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಹುಡುಗಿ ಕೂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಒತ್ತಿದರೆ ಟಿಕ್ಕೆನ್ನುವ ಎಣಿಕೆಯ ಡಬ್ಬಿ. ಎಲ್ಲ ಸರಿಯಾಗಿತ್ತು. ಆದರೆ ಕಿಂಡಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಸ್ಸಿನಿಂದ ಇಳಿದವರು ಕೂಡ ಆ ಗುರುತಿನ ಚೀಟಿ ಕಂಡು, ದಂಡ ಹಾಕುವವಳೆಂದು ಸೇತುವೆಯ ಕಡೆ ತಿರುಗುತ್ತಿದ್ದರು. ಎಂಟಾಯಿತು. ಶಾಲೆಯ ಮಕ್ಕಳು ಹೊರಟರು, ತಲೆ ಬಾಚಿಕೊಂಡು, ಸಾಲಾಗಿ, ಬಲಕ್ಕೆ. ಅವರ ಹಿಂದೆ ತಾಯಂದಿರು. ಅವರ ಹಿಂದೆ, ಎರಡು ಬ್ರೆಡ್ಡಿನ ಟ್ರೇಗಳನ್ನು ತಲೆಯ ಮೇಲೆ ಹೊತ್ತು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಬ್ರೆಡ್ ಮಾಮ. ಅವನು ಆ ಅಂಗಿ ತೊಟ್ಟದ್ದನ್ನು ಅವಳು ನೋಡಿದ್ದು ಮದುವೆಮನೆಗಳಲ್ಲಿ ಮಾತ್ರ. ಎಲ್ಲರೂ ಮೇಲ್ಸೇತುವೆಯ ದಾರಿ ಹಿಡಿದಿದ್ದರು. ಕೊನೆಯಲ್ಲಿ ಮೇಷ್ಟ್ರು, ಪ್ರವಾಸಕ್ಕೆ ಕರೆದೊಯ್ಯುವವರಂತೆ ಹಿಂದೆ ಬಿದ್ದವರನ್ನು ಮುಂದೆ ತಳ್ಳುತ್ತಾ.

ಜಿಪ್ಪಕ್ಕ ಕಿಟಕಿಯಿಂದ ಅರ್ಧ ಹೊರಗೆ ಬಂದಳು. "ಮೇಷ್ಟ್ರೇ! ಎಲ್ಲಿಗೆ ಹೊಡ್ಕೊಂಡು ಹೋಗ್ತಿದೀರಿ ಎಲ್ಲರ್ನೂ?"

"ಇವತ್ತು ಸರ್ಕಾರದವರು ಬಂದಿದಾರಮ್ಮಾ!" ಮೇಷ್ಟ್ರು ದನಿ ತಗ್ಗಿಸಿ ಕೂಗಿದರು. "ಕಿಂಡಿಯಲ್ಲಿ ತೂರೋದು ಅವರ ಕಣ್ಣಿಗೆ ಬಿದ್ರೆ ಏನಂದ್ಕೊಳ್ತಾರೆ? ಇಂಥ ಶಿಸ್ತಿಲ್ಲದ ಜನಕ್ಕೆ ಸಿಗ್ನಲ್ ಯಾಕೆ ಅಂತಾರೆ. ನಿನ್ನೆ ರಾತ್ರಿ ಮನೆಮನೆಗೂ ಹೇಳಿ ಬಂದೆ. ನಿನಗೆ ಹೇಗೂ ದಾಟೋಕಾಗಲ್ಲ ಅಂತ ಹೇಳಲಿಲ್ಲ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಕೂಗಲು ಬಾಯಿ ತೆರೆದರೆ ಲಾರಿಯೊಂದು ಹಾರ್ನ್ ಹೊಡೆಯಿತು. ಮೆಟ್ಟಿಲಿಗೆ ಒಂದೊಂದು ನಿಟ್ಟುಸಿರು ಬಿಡುತ್ತಾ ಅವಳು ಕೆಳಗಿಳಿಯುವಷ್ಟರಲ್ಲಿ ಸಾಲು ಸೇತುವೆಯ ಮೇಲೆ ಇರುವೆಗಳ ಹಾಗೆ ಹರಿಯುತ್ತಿತ್ತು.

ಹುಡುಗಿಯ ಹತ್ತಿರ ಹೋಗಿ ಊರುಗೋಲಿಗೆ ಒರಗಿ ನಿಂತಳು. "ಎಷ್ಟಾಯ್ತಮ್ಮಾ?"

"ಸೊನ್ನೆ ಆಂಟಿ." ಹುಡುಗಿ ಡಬ್ಬಿ ತೋರಿಸಿದಳು. "ನನಗೆ ಒಳ್ಳೆ ಜಾಗ ಸಿಕ್ಕಿದೆ. ಪಾಪ, ಸೇತುವೆ ಹತ್ರ ಕೂತಿರೋ ನನ್ನ ಫ್ರೆಂಡಿಗೆ ಆಗ್ಲೇ ಹೆಬ್ಬೆರಳು ನೋವಂತೆ."

"ಅವರೆಲ್ಲ ದಿನಾ ಇಲ್ಲೇ ದಾಟೋರು. ಇವತ್ತು ನಿನ್ನ ಕಂಡು ನಾಚ್ಕೊಂಡಿದಾರೆ."

"ಅದನ್ನ ಹೇಗೆ ಒತ್ತಲಿ ಆಂಟಿ? ಕಂಡಿದ್ದು ಒತ್ತಬೇಕು ಅಂತ ಹೇಳಿದಾರೆ."

"ನೀನು ಎಣಿಸೋದು ಜನಾನೋ, ದಾಟೋದನ್ನೋ?"

"ದಾಟೋದನ್ನ. ಒಬ್ಬರೇ ಹತ್ತು ಸಲ ದಾಟಿದ್ರೆ ಹತ್ತು."

ಮೂವತ್ತು ವರ್ಷ ವ್ಯಾಪಾರ ಮಾಡಿದವಳಿಗೆ ಇಂಥ ಮಾತು ಕೇಳಿದರೆ ಸುಮ್ಮನಿರಲಾಗುತ್ತದೆಯೇ? ಸೇತುವೆಯಿಂದ ಆಚೆ ಇಳಿದವರು ತನ್ನನ್ನು ಕಂಡರೆ ಕಿಂಡಿಯ ಕಡೆ ಬಂದೇ ಬರುತ್ತಾರೆ, ಒಂದು ಶುರು ಬೇಕು ಅಷ್ಟೇ ಎಂದುಕೊಂಡಳು. ನಿಲ್ದಾಣಕ್ಕೆ ಬಸ್ಸು ಬಂತು. ಅದರ ಹಿಂದೆ ಗಾಡಿಗಳು ಕಟ್ಟಿಕೊಂಡವು. ಆ ಮರೆಯಲ್ಲಿ ಊರುಗೋಲು ಟಕಟಕ ಎನ್ನಿಸುತ್ತಾ ಹೋಗಿ ಕಟ್ಟೆ ಹತ್ತಿ, ಹೊಟ್ಟೆ ಒಳಗೆಳೆದುಕೊಂಡು ಕಿಂಡಿಯಲ್ಲಿ ಅಡ್ಡಡ್ಡ ತೂರಿ ಆಚೆ ಬದಿಗೆ ನಿಂತಳು. ಬೆನ್ನಿಗೆ ಬೇಲಿ, ಕಾಲಡಿಗೆ ಒಂದೂವರೆ ಅಡಿ ಕಟ್ಟೆ, ಮೂಗಿನ ಮುಂದೆ ಫ್ಲೈಓವರಿನಿಂದ ಇಳಿಯುವ ಗಾಡಿಗಳ ಪ್ರವಾಹ. ಅಂಗಡಿಯ ಬಾಗಿಲ ಮೇಲಿನ ನಂಬರು ಇಲ್ಲಿಂದ ಓದಲು ಬರುತ್ತಿತ್ತು.

ಐದು ನಿಮಿಷ ಕಾದಳು. ಹತ್ತು ನಿಮಿಷ ಕಾದಳು. ಲಾರಿ ಹೋದಾಗಲೆಲ್ಲ ಗಾಳಿ ಅವಳನ್ನು ಬೇಲಿಗೆ ಒತ್ತಿ, ಮರುಗಳಿಗೆ ಮುಂದಕ್ಕೆ ಎಳೆಯುತ್ತಿತ್ತು. ಎಡಗೈಯಿಂದ ಹಿಂದಿನ ಸರಳನ್ನು ಹಿಡಿದುಕೊಂಡಳು. ಹಿಂದೆ ತಿರುಗೋಣವೆಂದರೆ ಅಷ್ಟು ಜಾಗದಲ್ಲಿ ಆ ಸೊಂಟ ತಿರುಗಲೊಲ್ಲದು.

ಫೋನ್ ಬಂತು. ನಾದಿನಿ, ಆಸ್ಪತ್ರೆಯಿಂದ.

"ಅತ್ತಿಗೆ, ಎಣಿಕೆ ಹೇಗ್ ನಡೀತಿದೆ? ಎಲ್ಲಿದೀರಿ, ಇಷ್ಟು ಸದ್ದು?"

"ನಡುವೆ."

"ಯಾವುದರ ನಡುವೆ?"

"ರಸ್ತೆ ನಡುವೆ ಕಣೇ! ಇನ್ಯಾವುದರ ನಡುವೆ?"

"ತಲೆ ಕೆಟ್ಟಿದೆಯಾ? ಇನ್ನೊಂದು ಸೊಂಟ ಎಲ್ಲಿಂದ ತರ್ಲಿ ನಾನು? ವಾಪಸ್ ಬನ್ನಿ ಸುಮ್ನೆ!"

"ಬರೋಕಾದ್ರೆ ಫೋನಲ್ಲಿ ಯಾಕೆ ಮಾತಾಡ್ತಿದ್ದೆ!"

ಅಷ್ಟರಲ್ಲಿ ಆಚೆ ದಡದಲ್ಲಿ ಜನ ಸೇರಿದ್ದರು. ಸೇತುವೆ ಇಳಿದು ಬಂದ ಸಾಲಿನವರು ಅವಳನ್ನು ಕಂಡು ನಿಂತುಬಿಟ್ಟಿದ್ದರು. ಮೇಷ್ಟ್ರು ಎರಡೂ ಕೈ ಮೇಲೆತ್ತಿ "ಇಳೀಬೇಡ! ಇಳೀಬೇಡ!" ಎನ್ನುತ್ತಿದ್ದರು.

"ಇಳಿಯೋಕೆ ಹೋಗ್ತಿಲ್ಲ ಮೇಷ್ಟ್ರೇ, ನೀವು ಇಳೀರಿ!" ಜಿಪ್ಪಕ್ಕ ಗಂಟಲು ಹರಿಯುವಂತೆ ಕೂಗಿದಳು. "ಎಲ್ಲರೂ ಇಲ್ಲೇ ದಾಟಿ! ಅವಳು ಎಣಿಸ್ತಿರೋದು ಇಲ್ಲಿ!"

ಅವರಿಗೆ ಬಾಯಿ ಅಲುಗುವುದು ಕಂಡಿತು, ಮಾತು ಕೇಳಲಿಲ್ಲ. ಬ್ರೆಡ್ ಮಾಮ ಒಳ್ಳೆಯ ಮನುಷ್ಯ. ಟ್ರೇ ಕೆಳಗಿಟ್ಟು ಎರಡು ಸಲ ರಸ್ತೆಗೆ ಕಾಲಿಟ್ಟ, ಎರಡು ಸಲವೂ ಮೇಷ್ಟ್ರು ಅವನ ಇಸ್ತ್ರಿ ಅಂಗಿಯನ್ನು ಹಿಡಿದೆಳೆದರು. ಸರ್ಕಾರಿ ಹುಡುಗಿ ನೋಡುತ್ತಿದ್ದಾಳೆ ಎಂದು ಕಣ್ಸನ್ನೆ ಮಾಡಿದರು. ಕೊನೆಗೆ ಎಲ್ಲರೂ ಸೇರಿ, ಅವಳನ್ನು ಕರೆತರಬೇಕೆಂದು ತೀರ್ಮಾನಿಸಿ, ಬಂದ ದಾರಿಯಲ್ಲೇ ಮತ್ತೆ ಸೇತುವೆ ಹತ್ತಲು ಹೊರಟರು. ಅಲ್ಲಿ ಕೂತಿದ್ದ ಹುಡುಗಿಯ ಹೆಬ್ಬೆರಳಿಗೆ ಇನ್ನೊಂದು ಸುತ್ತು ಕೆಲಸ.

ಅವರು ಸುತ್ತಿ ಬಳಸಿ ಮನೆ ಕಡೆಗೆ ಬಂದು, ಬಸ್ಸೊಂದು ನಿಂತಾಗ ಬ್ರೆಡ್ ಮಾಮ ಓಡಿಹೋಗಿ ಕಿಂಡಿಯೊಳಗೆ ಕೈ ಹಾಕಿ ಅವಳನ್ನು ಹಿಮ್ಮುಖವಾಗಿ ಎಳೆದುಕೊಂಡಾಗ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಅವಳ ಎಡಗೈಯಲ್ಲಿ ಸರಳಿನ ತುಕ್ಕು ಅಚ್ಚೊತ್ತಿತ್ತು.

"ಒತ್ತಿದೆಯಾ?" ಎಂದು ಮೊದಲು ಕೇಳಿದ್ದು ಹುಡುಗಿಯನ್ನೇ.

ಹುಡುಗಿಯ ಕಣ್ಣು ಒದ್ದೆಯಾಗಿತ್ತು. "ಪೂರ್ತಿ ದಾಟಿದ್ರೆ ಮಾತ್ರ ಒತ್ತಬೇಕಂತೆ ಆಂಟಿ. ನೀವು ಹೋದ ಕಡೆಗೇ ವಾಪಸ್ ಬಂದ್ರಿ. ಆದ್ರೆ ಕೆಳಗೆ ಷರಾ ಅಂತ ಒಂದು ಜಾಗ ಇದೆ. ಅದರಲ್ಲಿ ಬರೆದಿದೀನಿ."

ಮೇಷ್ಟ್ರಿಗೆ ಆಗ ವಿಷಯ ತಿಳಿಯಿತು. ಅವರ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಈಗ ಎಲ್ಲರೂ ಇಲ್ಲೇ..." ಎಂದು ತಿರುಗಿ ನೋಡಿದರೆ ಯಾರಿದ್ದಾರೆ? ಅವಳು ಈಚೆ ಬಂದದ್ದೇ ತಡ, ಹೊತ್ತಾಯಿತೆಂದು ಮಕ್ಕಳು ಶಾಲೆಗೆ, ಕೆಲಸದವರು ಕೆಲಸಕ್ಕೆ ಮತ್ತೆ ಸೇತುವೆಯ ದಾರಿ ಹಿಡಿದಿದ್ದರು. ಸಂಜೆ ಬಂದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಮೇಷ್ಟ್ರ ಹೊಸ ಮಾತು ತಲುಪಲಿಲ್ಲ. ತಲುಪಿದವರು, ಬೆಳಗ್ಗೆ ಒಂದು ಹೇಳಿ ಸಂಜೆ ಒಂದು ಹೇಳುವ ಮನುಷ್ಯನನ್ನು ನಂಬದೆ ಸೇತುವೆಯ ಮೇಲೇ ಬಂದರು. ಮೇಷ್ಟ್ರು ಒಬ್ಬರೇ, ಮೊಣಕಾಲಿನ ಮೇಲೆ ಕೈಯೂರಿಕೊಂಡು, ಏಳು ಗಂಟೆಗೆ ಸರಿಯಾಗಿ ಕಿಂಡಿ ದಾಟಿ ಆಚೆ ಮುಟ್ಟಿದರು. ಹುಡುಗಿ ಅಷ್ಟು ಹೊತ್ತಿಗೆ ಕುರ್ಚಿ ಮಡಚಿಯಾಗಿತ್ತು.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಸದರಿ ಜಾಗದಲ್ಲಿ ದಾಟಿದವರು ಸೊನ್ನೆ. ಹತ್ತಿರದ ಮೇಲ್ಸೇತುವೆಯ ಬಳಕೆ ಅತ್ಯಂತ ತೃಪ್ತಿಕರ. ಸಿಗ್ನಲ್ಲಿನ ಅಗತ್ಯ ಕಂಡುಬಂದಿಲ್ಲ. ಮೇಷ್ಟ್ರು ಅದನ್ನು ಜಿಪ್ಪಕ್ಕನಿಗೆ ಓದಿ ಹೇಳಿ, ಮಡಚಿ, ಮತ್ತೆ ಬಿಚ್ಚಿದರು. "ನಾನು ಬರೆದರೂ ಕಷ್ಟ, ಬರೆಯದಿದ್ರೂ ಕಷ್ಟ ನಿನಗೆ" ಎಂದರು.

"ಬಿಡಿ ಮೇಷ್ಟ್ರೇ. ಮೊದಲ ಸಹಿ ನಂದೇ ಅಲ್ವಾ."

ಒಂದನೇ ತಾರೀಖು ನಾದಿನಿ ರಜೆ ಹಾಕಿದಳು. ಅವಳೂ ಬ್ರೆಡ್ ಮಾಮನೂ ಅಂಗಡಿ ಖಾಲಿ ಮಾಡಿ, ಇಕ್ಕಳಗಳ ಹಲಗೆ, ಬಿಲ್ಲೆಗಳ ಡಬ್ಬ, ಬಣ್ಣಬಣ್ಣದ ಜಿಪ್ಪಿನ ಸುರುಳಿಗಳು, ಆ ಹಳೆಯ ಪರದೆ, ಎಲ್ಲವನ್ನೂ ಸೇತುವೆಯ ಮೇಲೆ ಹೊತ್ತು ತಂದರು. ಕಿಟಕಿಯಲ್ಲಿ ಕೂತಿದ್ದ ಜಿಪ್ಪಕ್ಕ ಫೋನಿನಲ್ಲೇ ನಿಗಾ ವಹಿಸಿದಳು. "ಮೊಳೆ ಬಿಟ್ಟು ಬನ್ನಿ, ಅದು ಕಟ್ಟಡದ್ದು." ಸಂಜೆಗೆ ಬಾಗಿಲಿಗೆ ಹೊಳೆಯುವ ಕವರುಗಳ ಮಾಲೆ ಬಿತ್ತು. ಅಂದು ನಾದಿನಿ ಜಗಳವಾಡಲಿಲ್ಲ. ಜಿಪ್ಪಕ್ಕನಿಗೆ ಅದೇ ಹೆಚ್ಚು ಸಂಕಟವಾಯಿತು.

ನಾಲ್ಕು ತಿಂಗಳ ಮೇಲೆ, ಯಾರೂ ಕೇಳದೆ, ಕೆಲಸದವರು ಬಂದರು. ಆ ಷರಾವನ್ನು ಯಾರೋ ಓದಿದ್ದರು! "ಒಬ್ಬ ಮಹಿಳೆ ರಸ್ತೆಯ ನಡುವೆ ಒಂದು ಗಂಟೆ ಹತ್ತು ನಿಮಿಷ ನಿಂತಿದ್ದರು" ಎಂಬ ಸಾಲಿಗೆ ಯಾವನೋ ಇಂಜಿನಿಯರ್ ಮನಸ್ಸು ಕರಗಿ, ನಡುವೆ ನಿಲ್ಲುವವರಿಗೆ ಅನುಕೂಲ ಮಂಜೂರು ಮಾಡಿದ್ದ. ಕಿಂಡಿಯ ಜಾಗದಲ್ಲಿ ಬೇಲಿ ಕತ್ತರಿಸಿದರು. ಕಟ್ಟೆಯನ್ನು ಎರಡು ಮಂಚದಷ್ಟು ಅಗಲ ಮಾಡಿ, ಮನೆ ಕಡೆಯಿಂದ ನಯವಾದ ಇಳಿಜಾರು ಕೊಟ್ಟು, ನಾಲ್ಕು ಹಳದಿ ಕಂಬ ನೆಟ್ಟು, ಮನೆ ಕಡೆಯ ರಸ್ತೆಗೆ ಬಿಳಿ ಪಟ್ಟೆ ಎಳೆದರು. ಕೆಲಸ ಅಚ್ಚುಕಟ್ಟಾಗಿತ್ತು. ಆಚೆ ಕಡೆಯ ಪಟ್ಟೆ ಯಾವಾಗ ಎಂದರೆ, ಅದು ಫ್ಲೈಓವರಿನವರ ಇಲಾಖೆ, ತಮ್ಮದಲ್ಲ ಎಂದರು.

ಮೊದಲ ದಿನ ಮಧ್ಯಾಹ್ನ ಜಿಪ್ಪಕ್ಕ ಅಲ್ಲಿಗೆ ನಡೆದು ಹೋದಳು. ಬಿಳಿ ಪಟ್ಟೆಯ ಮುಂದೆ ಒಂದು ಕಾರು ನಿಜವಾಗಿಯೂ ನಿಂತಿತು. ಅವಳು ಬೆಚ್ಚಿ ಅದಕ್ಕೆ ಕೈ ಮುಗಿದಳು. ನಡುವಿನ ಜಾಗದಲ್ಲಿ ನಿಂತು ಸುಧಾರಿಸಿಕೊಂಡಳು. ಆಚೆ ದಡದಲ್ಲಿ ಒಬ್ಬಳು ಹೆಂಗಸು, ಬಾಯಿ ಬಿಟ್ಟ ಪ್ರಯಾಣದ ಚೀಲ ಹಿಡಿದು, ಕವರಿನ ಅಂಗಡಿಯವನನ್ನು ಏನೋ ಕೇಳುತ್ತಿದ್ದಳು. ಅವನು ರಸ್ತೆಯ ನಡುವಿನ ಕಡೆಗೆ ಬೆರಳು ತೋರಿಸಿದ.

ಹೆಂಗಸಿನ ಕಾಲು ಗಟ್ಟಿ ಇತ್ತು. ಒಂದು ಸಂದು ನೋಡಿ ಓಡಿ ಬಂದಳು. ಜಿಪ್ಪಕ್ಕ ಜೇಬಿನಿಂದ ಇಕ್ಕಳ ತೆಗೆದಳು. ಮರೆಗೆ ಪರದೆ ಇರಲಿಲ್ಲ. ಹೆಂಗಸಿನ ಕಣ್ಣೆದುರಿಗೇ ಬಿಲ್ಲೆಯನ್ನು ಎರಡೂ ಕಡೆ ಒಂಚೂರು ಅಮುಕಿದಳು, ಜಿಪ್ ಎಳೆದು ತೋರಿಸಿದಳು.

"ಅಷ್ಟೇನಾ?" ಎಂದಳು ಹೆಂಗಸು. ಮುಖದಲ್ಲಿ ಮರ್ಯಾದೆ ಅಷ್ಟಕ್ಕಷ್ಟೇ. ಚಿಲ್ಲರೆ ಕೈಗಿಟ್ಟು, ಇನ್ನೊಂದು ಸಂದು ಸಿಕ್ಕಿದೊಡನೆ ಓಡಿಹೋದಳು.

ಜಿಪ್ಪಕ್ಕ ಹಳದಿ ಕಂಬಕ್ಕೆ ಒರಗಿ, ಇನ್ನೊಬ್ಬ ಗಿರಾಕಿ ಕಾಣಬಹುದೇ ಎಂದು ನೋಡಿದಳು. ಹೊತ್ತು ಇಳಿಯುತ್ತಿತ್ತು. ಮನೆ ಕಡೆಗೂ ಈಗ ಗಾಡಿಗಳು ದಟ್ಟವಾದವು. ಮಧ್ಯಾಹ್ನ ಒಂದು ಕಾರನ್ನು ನಿಲ್ಲಿಸಿದ್ದ ಬಿಳಿ ಪಟ್ಟೆಯ ಮೇಲೆ ಸಂಜೆಯ ಗಾಡಿಗಳು ಅದು ಇದೆಯೆಂಬ ಪರಿವೆಯೇ ಇಲ್ಲದೆ ಹರಿಯುತ್ತಿದ್ದವು. ಕೆಲಸದಿಂದ ಬಂದ ನಾದಿನಿ ಹೊಸ್ತಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಕೂಗಿದಳು.

"ಅತ್ತಿಗೆ! ಬರ್ತೀರೋ, ಊಟ ಅಲ್ಲಿಗೇ ಕಳಿಸ್ಲೋ?"

ಜಿಪ್ಪಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಒಂದು ಕಾಲು ಕೆಳಗಿಟ್ಟು ಮತ್ತೆ ಮೇಲಕ್ಕೆತ್ತಿಕೊಂಡಳು.

"ಬಿಟ್ರೆ ಬರ್ತೀನಿ ಕಣೇ!"